ಅಮ್ಮನಿಗೆ ಸಾವಿರ ಬೀಡಿ, ಮಗಳಿಗೆ ಸಾವಿರ ಪದ

ಸಂಜೆ ಆರರ ಹೊತ್ತಿಗೆ ಸ್ಟೇಟ್‌ಬ್ಯಾಂಕಿನಿಂದ ಬಿ.ಸಿ.ರೋಡ್ ಕಡೆಗೆ ಹೊರಡುವ ಬಸ್ಸು. ಕಾಲಿಡಲು ಜಾಗ ಇಲ್ಲ. ಕಿಟಕಿ ಬದಿಗೆ ಕೂತ ಹುಡುಗಿ ಎರಡೂ ಹೆಬ್ಬೆರಳಿನಿಂದ ಮೊಬೈಲನ್ನು ಟಕಟಕ ಒತ್ತುತ್ತಲೇ ಇರುತ್ತಾಳೆ. ನೋಡಿದವರು ಚಾಟಿಂಗ್ ಎಂದುಕೊಳ್ಳುತ್ತಾರೆ. ಆದರೆ ಇಂಥವರಲ್ಲಿ ಎಷ್ಟೋ ಮಂದಿ ಆ ಹೊತ್ತಿನಲ್ಲಿ ದುಡಿಯುತ್ತಿರುತ್ತಾರೆ. ಮಂಡಿನೋವಿಗೆ ಹತ್ತು ಮನೆಮದ್ದು, ಮಳೆಗಾಲದಲ್ಲಿ ಫ್ರಿಜ್ ಕಾಪಾಡುವ ಬಗೆ, ದುಬೈಯ ಫ್ಲ್ಯಾಟಿನ ಬಾಲ್ಕನಿಯಿಂದ ಕಾಣುವ ಸಮುದ್ರ, ಇಂಥದ್ದನ್ನೆಲ್ಲ ಯಾರದೋ ವೆಬ್‌ಸೈಟಿಗೆ ಬರೆದು ಕೊಡುವುದು ಇವರ ಕಸುಬು. ದುಬೈ ಹೋಗಲಿ, ಬೆಂಗಳೂರನ್ನೇ ಸರಿಯಾಗಿ ನೋಡದವರು ದುಬೈ ಬಾಲ್ಕನಿಯನ್ನು ವರ್ಣಿಸುವುದು ಇವತ್ತಿನ ಲೋಕದ ಒಂದು ಚೋದ್ಯ.

ಇದೇ ಹುಡುಗಿ ಮದುವೆಯ ಹಾಲಿನಲ್ಲಿ ನೆಂಟರ ಕೈಗೆ ಸಿಕ್ಕಿದರೆ ಮಾತುಕತೆ ಹೀಗೆ ನಡೆಯುತ್ತದೆ.

"ಈಗ ಎಂತ ಮಾಡ್ತಾ ಇದ್ದಿ ಮಗಾ?"

"ಬರೀತೇನೆ ಚಿಕ್ಕಮ್ಮ, ಆನ್‌ಲೈನಿಗೆ."

"ಅದು ಸರಿ. ಕೆಲಸ ಎಂತ?"

ಚಿಕ್ಕಮ್ಮನದು ಕುಹಕ ಎಂದು ತಳ್ಳಿಬಿಡುವ ಹಾಗಿಲ್ಲ. ಕಡಿಮೆ ದುಡ್ಡಿಗೆ ಆನ್‌ಲೈನಿನಲ್ಲಿ ಬರೆಯುವುದು ಉದ್ಯೋಗವೋ, ಬರೇ ಹವ್ಯಾಸವೋ ಎಂಬುದು ಈಗ ಮನೆಮನೆಯ ಪ್ರಶ್ನೆ. ಬ್ಯಾಂಕಿನಲ್ಲಿ ಸ್ಕೂಟರ್ ಸಾಲಕ್ಕೆ ಹೋದರೆ ಸಂಬಳದ ಚೀಟಿ ಕೇಳುತ್ತಾರೆ. ಸಂಬಂಧ ಕೂಡಿಸಲು ಬಂದವರು ಹುಡುಗನ ಕೆಲಸ ಕೇಳುತ್ತಾರೆ. ಎರಡು ಕಡೆಯೂ "ಬರೀತಾನೆ" ಎಂದರೆ ಮುಂದಿನ ಮಾತಿಲ್ಲ.

ಲೆಕ್ಕ ಹೇಳುವುದೇನು?

ಮೊದಲು ದುಡ್ಡಿನ ಮಾತು. ಈ ಕೆಲಸಕ್ಕೆ ಪದದ ಲೆಕ್ಕದಲ್ಲಿ ಕೂಲಿ. ಕೆಳಗಿನ ಮೆಟ್ಟಿಲಲ್ಲಿ ಪದಕ್ಕೆ ಹತ್ತು ಪೈಸೆ, ಇಪ್ಪತ್ತು ಪೈಸೆ ಎಂದು ದರ ಹೇಳುವವರು ಇದ್ದಾರೆ. ಇಪ್ಪತ್ತು ಪೈಸೆ ಎಂದೇ ಹಿಡಿಯಿರಿ. ಸಾವಿರ ಪದಕ್ಕೆ 200 ರೂಪಾಯಿ. ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ಕ್ಕೆ ಕರ್ನಾಟಕದಲ್ಲಿ ಗೊತ್ತುಮಾಡಿದ್ದ ದಿನಗೂಲಿ 370 ರೂಪಾಯಿ. ತೋಡಿನ ಹೂಳೆತ್ತಿದವನಿಗೆ ಸಿಗುವ ಆ ಕೂಲಿಗೆ ಸಮ ಬರಬೇಕಾದರೆ ಡಿಗ್ರಿ ಮಾಡಿದ ಹುಡುಗಿ ದಿನಕ್ಕೆ 1,850 ಪದ ಬರೆಯಬೇಕು. ಅದೂ ಒಂದೇ ಏಟಿಗೆ ಪಾಸಾಗಬೇಕು. ವಿಷಯ ಹುಡುಕಿ ಓದಿದ್ದಕ್ಕೆ, ತಿದ್ದಿದ್ದಕ್ಕೆ, "ಇದು ಸರಿಯಾಗಲಿಲ್ಲ, ಇನ್ನೊಮ್ಮೆ ಬರೆಯಿರಿ" ಎಂದಾಗ ಮತ್ತೆ ಬರೆದದ್ದಕ್ಕೆ ಕಾಸಿಲ್ಲ. ಕರೆಂಟು, ನೆಟ್ಟು, ಮೊಬೈಲು ಎಲ್ಲ ಅವಳದ್ದೇ.

ಇಷ್ಟು ಕಡಿಮೆ ಸಿಗುವುದನ್ನು ಕೆಲಸ ಎನ್ನುವುದು ಹೇಗೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯೇ ತಲೆಕೆಳಗಾದದ್ದು. ಕೂಲಿ ಕಡಿಮೆ ಎಂಬ ಕಾರಣಕ್ಕೆ ಕೂಲಿಯವನನ್ನು ಹವ್ಯಾಸಿ ಎಂದು ಯಾರೂ ಕರೆದದ್ದಿಲ್ಲ. ಗದ್ದೆಯಲ್ಲಿ ನೇಜಿ ನೆಡುವವರಿಗೆ ಎರಡು ಸೇರು ಅಕ್ಕಿ ಅಳೆದು ಕೊಡುತ್ತಿದ್ದ ಕಾಲದಲ್ಲೂ ಅದು ಕೆಲಸವೇ ಆಗಿತ್ತು.

ಎಲ್ಲರಿಗೂ ಹವ್ಯಾಸವೇ ಬೇಕು

ಮಜಾ ಏನೆಂದರೆ ಇದನ್ನು ಹವ್ಯಾಸ ಎನ್ನಲು ಮೂರು ಕಡೆಯವರಿಗೂ ಅವರವರ ಕಾರಣ ಉಂಟು. ದುಡ್ಡು ಕೊಡುವವನಿಗೆ ಅದರಿಂದ ಲಾಭ. ಹವ್ಯಾಸಕ್ಕೆ ರಜೆ ಇಲ್ಲ, ಪಿಎಫ್ ಇಲ್ಲ, ಬೋನಸ್ ಇಲ್ಲ. "ನಿಮ್ಮ ಪ್ರತಿಭೆಗೆ ಒಂದು ವೇದಿಕೆ ಕೊಡುತ್ತಿದ್ದೇವೆ" ಎಂದರೆ ಮುಗಿಯಿತು. ಮನೆಯವರಿಗೆ ಅದು ಮಾನದ ಪ್ರಶ್ನೆ. ಎಂ.ಎ. ಓದಿದ ಮಗ ತಿಂಗಳಿಗೆ ನಾಲ್ಕು ಸಾವಿರಕ್ಕೆ ಬರೆಯುತ್ತಾನೆ ಎನ್ನುವುದಕ್ಕಿಂತ "ಸದ್ಯಕ್ಕೆ ಟೈಂಪಾಸಿಗೆ ಬರೀತಾ ಇದ್ದಾನೆ, ಪರೀಕ್ಷೆಗೆ ಕಟ್ಟಿದ್ದಾನೆ" ಎನ್ನುವುದು ಹಗುರ. ಮೂರನೆಯದಾಗಿ, ಬರೆಯುವವರಿಗೂ ಒಂದು ಬಿಗುಮಾನ. "ನನಗೆ ಬರವಣಿಗೆ ಅಂದ್ರೆ ಇಷ್ಟ, ಅದಕ್ಕೆ ಬರೀತೇನೆ" ಎಂದರೆ ಕಡಿಮೆ ದುಡ್ಡಿನ ನೋವು ಸ್ವಲ್ಪ ಮರೆಯಾಗುತ್ತದೆ.

ಇಷ್ಟ ಇರಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಇಷ್ಟದಿಂದ ಹವ್ಯಾಸ ಎಂದು ತೀರ್ಮಾನವಾಗುವುದಿಲ್ಲ. ಇದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಯಕ್ಷಗಾನದಲ್ಲಿ ಹವ್ಯಾಸಿ ಕಲಾವಿದ, ವೃತ್ತಿ ಕಲಾವಿದ ಎಂಬ ಮಾತು ಹಿಂದಿನಿಂದಲೂ ಇದೆ. ಇಬ್ಬರಿಗೂ ಗೆಜ್ಜೆ ಕಟ್ಟಿದರೆ ಮೈ ನವಿರೇಳುವುದು ಒಂದೇ. ಹವ್ಯಾಸಿ ಸಂಘದವನು "ಇವತ್ತು ಆಗ್ಲಿಕ್ಕಿಲ್ಲ ಮಾರಾಯ್ರೇ, ಅಂಗಡಿಯಲ್ಲಿ ಜನ ಇಲ್ಲ" ಎನ್ನಬಹುದು. ಮೇಳಕ್ಕೆ ಕಟ್ಟುಬಿದ್ದವನು ಜ್ವರ ಇದ್ದರೂ ಚೌಕಿಯಲ್ಲಿ ಬಣ್ಣಕ್ಕೆ ಕೂರಬೇಕು. ಯಾವತ್ತು ಆಟ, ಎಲ್ಲಿ ಆಟ, ಯಾವ ವೇಷ ಎಂಬುದು ಅವನ ಕೈಯಲ್ಲಿಲ್ಲ. ಇಲ್ಲ ಎನ್ನುವ ಸ್ವಾತಂತ್ರ್ಯ ಯಾರಿಗಿದೆ ಎಂದು ನೋಡಿದರೆ ಹವ್ಯಾಸಿ ಯಾರು ಎಂಬುದು ಗೊತ್ತಾಗುತ್ತದೆ.

ಹಾಗೆ ನೋಡಿದರೆ ನಿಜವಾದ ಹವ್ಯಾಸದ ಆನ್‌ಲೈನ್ ಬರವಣಿಗೆಯೂ ಊರಲ್ಲೇ ಉಂಟು. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ತುಳು ವಿಕಿಪೀಡಿಯ 2016ರಲ್ಲಿ ಸುರುವಾಯಿತು. ಮೇಷ್ಟ್ರುಗಳು, ವಿದ್ಯಾರ್ಥಿಗಳು, ನಿವೃತ್ತರು ಒಂದು ಪೈಸೆ ಇಲ್ಲದೆ ಅದಕ್ಕೆ ಬರೆಯುತ್ತಾರೆ. ಬರೆದರೆ ಬರೆದರು, ಬಿಟ್ಟರೆ ಬಿಟ್ಟರು. ರಾತ್ರಿ ಹತ್ತು ಗಂಟೆಗೆ ಮೆಸೇಜು ಹಾಕಿ "ಬೆಳಿಗ್ಗೆ ಎಂಟರೊಳಗೆ ಮೂರು ಲೇಖನ ಬೇಕು" ಎನ್ನುವವರು ಅಲ್ಲಿಲ್ಲ. ಅದು ಹವ್ಯಾಸ, ಒಳ್ಳೆಯ ಹವ್ಯಾಸ. ಪದಕ್ಕೆ ಇಪ್ಪತ್ತು ಪೈಸೆಯ ಕೆಲಸವನ್ನು ಅದರ ಪಕ್ಕದಲ್ಲಿ ಇಟ್ಟು ಎರಡೂ ಒಂದೇ ಎಂದರೆ ಎರಡಕ್ಕೂ ಅನ್ಯಾಯ.

ಬೀಡಿ ಕಟ್ಟಿದವರಿಗೆ ಹೇಳಿದ್ದೂ ಇದೇ

ಈ ವಾದ ಜಿಲ್ಲೆಗೆ ಹೊಸತಲ್ಲ. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಕಡೆ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದ ಹೆಂಗಸರಿಗೂ ಇದೇ ಮಾತು ಹೇಳಿಯಾಗಿತ್ತು. ಮನೆಯಲ್ಲೇ ಕೂತು ಮಾಡುವುದು, ಅಡಿಗೆ ಕೆಲಸ ಮುಗಿದ ಮೇಲೆ ಮಾಡುವುದು, ಮಾತಾಡಿಕೊಂಡು ಮಾಡುವುದು, ಬೇಕಾದರೆ ಮಾಡಿದರು ಬೇಡವಾದರೆ ಬಿಟ್ಟರು, ಇದು ಎಂಥ ಕೆಲಸ ಎಂದು. ಕಂಪೆನಿಯವರು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಹೆಂಗಸರು ಯಾರೆಂದೇ ನಮಗೆ ಗೊತ್ತಿಲ್ಲ, ನಮ್ಮ ವ್ಯವಹಾರ ಏನಿದ್ದರೂ ಕಂಟ್ರಾಕ್ಟುದಾರನ ಹತ್ತಿರ ಎಂಬ ವಾದ ಹೂಡಿದರು.

ಪಾರ್ಲಿಮೆಂಟು ಅದನ್ನು ಒಪ್ಪಲಿಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಎಲೆ, ಹೊಗೆಸೊಪ್ಪು ತಂದು ಮನೆಯಲ್ಲೇ ಕಟ್ಟುವವರನ್ನೂ ಅದು ಕಾರ್ಮಿಕರ ಪಟ್ಟಿಗೆ ಸೇರಿಸಿತು. ಕಂಟ್ರಾಕ್ಟುದಾರ ನಡುವೆ ಇದ್ದರೂ ಅಸಲು ಮಾಲೀಕನಿಗೆ ಹೊಣೆ ತಪ್ಪದಂತೆ ನೋಡಿಕೊಂಡಿತು. ಬೀಡಿ ಸರಿ ಇಲ್ಲ ಎಂದು ತಳ್ಳಿದ ಬಗ್ಗೆ, ತಳ್ಳಿದ ಬೀಡಿಯ ಮಜೂರಿಯ ಬಗ್ಗೆ ತಕರಾರು ಬಂದರೆ ತೀರ್ಮಾನ ಮಾಡಲು ಒಬ್ಬ ಅಧಿಕಾರಿ ಇರಬೇಕೆಂದೂ ಬರೆಯಿತು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮಂಗಳೂರಿನ ಗಣೇಶ್ ಬೀಡಿ ವರ್ಕ್ಸ್ ಕೂಡ ಒಂದು. 1974ರಲ್ಲಿ ಕೋರ್ಟು ಕಾಯ್ದೆಯ ಮುಖ್ಯ ಭಾಗಗಳನ್ನೆಲ್ಲ ಎತ್ತಿ ಹಿಡಿಯಿತು. 1976ರಲ್ಲಿ ಬೀಡಿಯ ಮೇಲೆ ಸೆಸ್ ಹಾಕಿ ಕ್ಷೇಮ ನಿಧಿ ಮಾಡಿದರು. ಮಕ್ಕಳ ಸ್ಕಾಲರ್‌ಶಿಪ್ಪು, ಔಷಧೋಪಚಾರ ಅದರಿಂದ ಬಂತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸು ನಿಂತದ್ದು ಬೇರೆ ಕಥೆ.

1985ರಲ್ಲಿ ಇನ್ನೊಂದು ತೀರ್ಪು ಬಂತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿಎಫ್ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಮನೆಯೊಳಗೆ ಕೂತವಳ ಮೇಲೆ ಮಾಲೀಕನ ಹಿಡಿತ ಎಲ್ಲಿದೆ ಎಂಬ ಪ್ರಶ್ನೆಗೆ ಕೋರ್ಟು ಕೊಟ್ಟ ಕಾರಣ ಸರಳವಾದದ್ದು: ಮಾಡಿ ತಂದ ಮಾಲನ್ನು ಬೇಡ ಎಂದು ತಳ್ಳುವ ಹಕ್ಕು ಮಾಲೀಕನಿಗೆ ಉಂಟು, ಆ ಹಕ್ಕೇ ಹಿಡಿತ.

ಇದಕ್ಕೆ ದಾರಿ ಹಾಕಿದ್ದು ಒಂದು ಟೈಲರ್ ಅಂಗಡಿಯ ಕೇಸು ಎಂಬುದನ್ನು ಅಂಗಡಿಕಾರರು ಗಮನಿಸಬೇಕು. ಆಂಧ್ರದ ಅಂಗಡಿಯೊಂದರಲ್ಲಿ ಟೈಲರುಗಳಿಗೆ ಪೀಸಿನ ಲೆಕ್ಕದಲ್ಲಿ ದುಡ್ಡು. ಬರುವ ಹೊತ್ತಿಲ್ಲ, ಹೋಗುವ ಹೊತ್ತಿಲ್ಲ, ಬೇರೆ ಕಡೆ ಹೊಲಿದರೂ ಕೇಳುವವರಿಲ್ಲ. ಆದರೂ 1973ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಅಂಗಡಿಯ ನೌಕರರೇ ಎಂದಿತು. ಹೊಲಿಗೆ ಸರಿ ಬಾರದಿದ್ದರೆ ಬಿಚ್ಚಿ ಮತ್ತೆ ಹೊಲಿ ಎನ್ನುವ ಅಧಿಕಾರ ಅಂಗಡಿಯವನಿಗೆ ಇತ್ತು ಎಂಬುದು ಅಲ್ಲಿ ಮುಖ್ಯವಾದ ಒಂದು ಅಂಶ.

ಈಗ ಆ ಬಸ್ಸಿನ ಹುಡುಗಿಯ ಮೊಬೈಲಿಗೆ ಬರುವ ಮೆಸೇಜುಗಳನ್ನು ಓದಿ. "ಸರಿಯಾಗಲಿಲ್ಲ, ತಿರುಗಿ ಬರೆಯಿರಿ." "ಈ ಪದ ಐದು ಸಲ ಬರಬೇಕು." "ತಡವಾಯಿತು, ಅರ್ಧ ದುಡ್ಡು ಕಟ್." ಅಮ್ಮ ಬೀಡಿ ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ತೋರಿಸಿ ನಿಂತ ಹಾಗೆಯೇ ಮಗಳು ಮೊಬೈಲಿನಲ್ಲಿ ನಿಂತಿದ್ದಾಳೆ. ಅಮ್ಮನಿಗೆ ಸಾವಿರ ಬೀಡಿಗೆ ಇಷ್ಟು ಎಂದು ಲೆಕ್ಕ, ಮಗಳಿಗೆ ಸಾವಿರ ಪದಕ್ಕೆ ಇಷ್ಟು ಎಂದು. ಅಮ್ಮನ ಹತ್ತಿರ ಪಿಎಫ್ ನಂಬರ್ ಉಂಟು. ಎಸ್ಸೆಸ್ಸೆಲ್ಸಿ ದಾಟದ ಅಮ್ಮನಿಗೆ ಇದ್ದದ್ದು ಡಿಗ್ರಿ ಮುಗಿಸಿದ ಮಗಳಿಗೆ ಇಲ್ಲ. ಬೀಡಿಯ ಬದಲು ಅಕ್ಷರ ಕಟ್ಟಲಿ ಎಂದು ಓದಿಸಿದ ಅಮ್ಮನಿಗೆ ಇದನ್ನು ವಿವರಿಸುವುದು ಕಷ್ಟ.

ಕಾನೂನು ಬಂದಿದೆ, ಕಿಂಡಿಯೂ ಇದೆ

ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾದೀತು. ಸಾಮಾಜಿಕ ಭದ್ರತೆಯ ಕೇಂದ್ರ ಸಂಹಿತೆ 2020ರಲ್ಲಿ ಪಾಸಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದೇ ದಿನ ಜಾರಿಗೆ ಬಂದ ಮತ್ತೊಂದು ಸಂಹಿತೆಯೊಳಗೆ ಬೀಡಿಯ ಹಳೆ ಕಾಯ್ದೆಯೂ ಸೇರಿಹೋಯಿತು. ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರಿಗೆಂದು 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಕಾಯ್ದೆಯನ್ನೂ ಮಾಡಿತು. ಗಿಗ್ ಎಂದ ಕೂಡಲೇ ಊಟ ತರುವ ಬೈಕಿನ ಹುಡುಗರು ಕಣ್ಣಿಗೆ ಬರುತ್ತಾರೆ. ಆದರೆ ಎರಡೂ ಕಾನೂನುಗಳ ಪಟ್ಟಿಯ ಕೊನೆಯ ಕಡೆ ಕಂಟೆಂಟ್ ಮತ್ತು ಮಾಧ್ಯಮ ಸೇವೆ ಎಂಬ ಹೆಸರೂ ಉಂಟು. ಬಾಡಿಗೆ ಕಾರು, ದಿನಸಿ ಸಾಗಾಟದ ಸಾಲಿನಲ್ಲಿ ಬರವಣಿಗೆಯೂ ಕೂತಿದೆ.

ರಾಜ್ಯದ ಕಾಯ್ದೆ ಪೀಸಿನ ಲೆಕ್ಕದ ಎಲ್ಲ ಕೆಲಸವನ್ನೂ ಗಿಗ್ ಕೆಲಸದ ವ್ಯಾಖ್ಯೆಯೊಳಗೆ ಸೇರಿಸಿದೆ. ಕೆಲಸಗಾರನಿಗೆ ಕೊಡುವ ದುಡ್ಡಿನ ಮೇಲೆ ಶೇಕಡಾ 1ರಿಂದ 5ರವರೆಗೆ ಕ್ಷೇಮ ಶುಲ್ಕವನ್ನು ಕಂಪೆನಿ ಕಟ್ಟಬೇಕು. ಸಕಾರಣ ಇಲ್ಲದೆ, 14 ದಿನದ ನೋಟೀಸು ಇಲ್ಲದೆ ತೆಗೆದುಹಾಕುವಂತಿಲ್ಲ. ಕಾಗದದ ಮೇಲೆ ಬೀಡಿಯ ಕಾಯ್ದೆಗೆ ಇದು ತಂಗಿಯ ಹಾಗೆ.

ಕಿಂಡಿ ಎಲ್ಲಿ ಅಂದರೆ 'ಪ್ಲಾಟ್‌ಫಾರ್ಮ್' ಎಂಬ ಶಬ್ದದಲ್ಲಿ. ಕೆಲಸ ಪ್ಲಾಟ್‌ಫಾರ್ಮಿನ ಮೂಲಕ ಬಂದಿದ್ದರೆ ಮಾತ್ರ ಕಾಯ್ದೆಯ ಕೈ ತಲುಪುತ್ತದೆ. ಬರವಣಿಗೆಯ ಕೆಳದರ್ಜೆ ಮಾರ್ಕೆಟ್ಟು ನಡೆಯುವುದೇ ಬೇರೆ ತರ. ಅಮೆರಿಕದ ಒಂದು ಕಂಪೆನಿ ಬೆಂಗಳೂರಿನವನಿಗೆ ಕೊಡುತ್ತದೆ. ಅವನು ವಾಟ್ಸಾಪ್ ಗ್ರೂಪಿನ ಒಬ್ಬನಿಗೆ ಕೊಡುತ್ತಾನೆ. ಅವನು ಇಪ್ಪತ್ತು ಮಂದಿಗೆ ಹಂಚುತ್ತಾನೆ. ಒಬ್ಬೊಬ್ಬರ ಕೈ ದಾಟುವಾಗಲೂ ಪದದ ರೇಟು ಇಳಿಯುತ್ತದೆ. ಕೊನೆಯವಳಿಗೆ ಮೊದಲಿನವನ ಹೆಸರೇ ಗೊತ್ತಿರುವುದಿಲ್ಲ. ಬೀಡಿಯಲ್ಲಿ ಕಂಟ್ರಾಕ್ಟುದಾರನ ಹಿಂದೆ ನಿಂತ ಮಾಲೀಕನನ್ನು 1966ರ ಕಾಯ್ದೆ ಎಳೆದು ಮುಂದೆ ನಿಲ್ಲಿಸಿತ್ತು. ವಾಟ್ಸಾಪ್ ಗ್ರೂಪಿನ ಹಿಂದೆ ನಿಂತವನನ್ನು 2025ರ ಕಾಯ್ದೆ ಮುಟ್ಟುವುದಿಲ್ಲ. ಒಂದು ಗ್ರೂಪಿನ ಅಡ್ಮಿನ್ ಎರಡು ತಿಂಗಳ ದುಡ್ಡು ಕೊಡದೆ ಗ್ರೂಪನ್ನೇ ಅಳಿಸಿಹಾಕಿದರೆ ದೂರು ಯಾರ ಮೇಲೆ? ಇಂಥ ಕಡೆ ಕಾನೂನಿನ ಕೆಲಸ ಇನ್ನೂ ಬಾಕಿ ಉಂಟು.

ಇದರ ಮೇಲೆ ಯಂತ್ರ ಬೇರೆ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಮಂಡಿನೋವಿನ ಮನೆಮದ್ದನ್ನು ಯಂತ್ರವೇ ಅರೆಗಳಿಗೆಯಲ್ಲಿ ಬರೆದು ಕೊಡುತ್ತದೆ. ಈಗ ಹಲವರಿಗೆ ಬರುವ ಕೆಲಸ ಎಂದರೆ ಯಂತ್ರ ಬರೆದದ್ದನ್ನು ಮನುಷ್ಯ ಬರೆದ ಹಾಗೆ ತಿದ್ದುವುದು. ರೇಟು ಮೊದಲಿಗಿಂತಲೂ ಕಡಿಮೆ. ಇದರಲ್ಲಿ ಹವ್ಯಾಸದ ಖುಷಿ ಎಷ್ಟು ಎಂದು ಹವ್ಯಾಸ ಎನ್ನುವವರೇ ಹೇಳಬೇಕು.

ತೆರಿಗೆಯವರಿಗೆ ಅನುಮಾನ ಇಲ್ಲ

ಇದು ಉದ್ಯೋಗವೇ ಎಂಬುದರಲ್ಲಿ ಸಂಶಯ ಇಲ್ಲದ ಇಲಾಖೆ ಒಂದುಂಟು. ಅದು ಆದಾಯ ತೆರಿಗೆ. ವೃತ್ತಿ ಸೇವೆಯ ಫೀಸು ಎಂದು ಒಂದು ಕಂಪೆನಿ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ನೂರಕ್ಕೆ ಹತ್ತು ಮೂಲದಲ್ಲೇ ಹಿಡಿಯುತ್ತಾರೆ. 2025ರ ಏಪ್ರಿಲಿಗೆ ಮೊದಲು ಈ ಮಿತಿ 30,000 ಇತ್ತು. ತಿಂಗಳಿಗೆ ಐದು ಸಾವಿರದ ಬರಹಗಾರನಿಂದ 500 ಹೋಯಿತು. ಕೊಡುವವನು ಫೋನಿನಲ್ಲಿ "ಹವ್ಯಾಸ" ಎಂದರೂ ತನ್ನ ಲೆಕ್ಕದ ಪುಸ್ತಕದಲ್ಲಿ ಬರೆಯುವುದು "ವೃತ್ತಿಪರ ಶುಲ್ಕ" ಎಂದೇ.

ಹಿಡಿದ ದುಡ್ಡು ವಾಪಸು ಬೇಕಾದರೆ ರಿಟರ್ನ್ಸ್ ಹಾಕಬೇಕು. ಅಲ್ಲಿ ಮನೆಯವರ ಹೆದರಿಕೆ ಸುರುವಾಗುತ್ತದೆ. ಹೆಂಡತಿ ಬರೆದು ಸಂಪಾದಿಸಿದ ಆರು ಸಾವಿರದ ರೀಫಂಡಿಗೆ ರಿಟರ್ನ್ಸ್ ಹಾಕಿ, ತಿಂಗಳಿಗೆ ಎರಡು ಸಾವಿರದ ಗೃಹಲಕ್ಷ್ಮಿ ಹೋದರೆ? ಯಜಮಾನಿಯೋ ಅವಳ ಗಂಡನೋ ತೆರಿಗೆ ಕಟ್ಟುವವರಾಗಿರಬಾರದು ಎಂಬುದು ಆ ಯೋಜನೆಯ ನಿಯಮ. ರಿಟರ್ನ್ಸ್ ಹಾಕಿ ದುಡ್ಡು ವಾಪಸು ಪಡೆಯುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಆದರೆ ಆ ವ್ಯತ್ಯಾಸವನ್ನು ಕೌಂಟರಿನಲ್ಲಿ ನಿಂತು ವಾದಿಸುವ ಧೈರ್ಯ ಎಷ್ಟು ಮಂದಿಗೆ? ಅದಕ್ಕೇ ಎಷ್ಟೋ ಮನೆಗಳಲ್ಲಿ ಆ ದುಡ್ಡನ್ನು ಬಿಟ್ಟೇಬಿಡುತ್ತಾರೆ.

ಅಂಗಡಿಯವರಿಗೂ ಪಾಲುಂಟು

ದೂರದ ಕಂಪೆನಿಗಳನ್ನು ಬೈದರೆ ಸಾಲದು. ಈಗ ಬಟ್ಟೆ ಅಂಗಡಿ, ಬೇಕರಿ, ಚಿನ್ನದಂಗಡಿಗೂ ಇನ್‌ಸ್ಟಾಗ್ರಾಮಿನ ಪೇಜು ಉಂಟು. ಹಬ್ಬಕ್ಕೊಂದು, ಆಫರಿಗೊಂದು ಬರಹ ಬೇಕು. ಫ್ಲೆಕ್ಸ್ ಪ್ರಿಂಟ್ ಮಾಡಿದವನಿಗೆ ಚದರಡಿ ಲೆಕ್ಕದಲ್ಲಿ ಕೊಡುತ್ತಾರೆ, ಅದನ್ನು ಕಟ್ಟಿದ ಹುಡುಗನಿಗೆ ಕೂಲಿ ಕೊಡುತ್ತಾರೆ. ಬರೆದು ಕೊಟ್ಟವಳಿಗೆ ಮಾತ್ರ "ನಾಲ್ಕು ಸಾಲು ತಾನೇ, ಮುಂದಿನ ಸಲ ನೋಡುವ" ಎಂಬ ಉತ್ತರ. ಇದೇ ಊರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ದಸ್ತಾವೇಜು ಬರೆಯುವವರು ಕೂತಿದ್ದಾರೆ. ಅವರಿಗೆ ಸರ್ಕಾರದ ಲೈಸೆನ್ಸು ಉಂಟು, 1979ರ ನಿಯಮ ಉಂಟು. ಅವರ ಹತ್ತಿರ ಹೋಗಿ "ನಿಮ್ಮದು ಹವ್ಯಾಸವೋ" ಎಂದು ಕೇಳಿದವರಿಲ್ಲ.

ಬರೆದೇ ಬದುಕಿದವರು ಕನ್ನಡದಲ್ಲಿ ಇರಲಿಲ್ಲ ಎಂದೂ ಅಲ್ಲ. ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದು ಅದರಲ್ಲೇ ಸಂಸಾರ ಸಾಗಿಸಿದರು. ದುಡ್ಡಿನ ತಾಪತ್ರಯ ಅವರನ್ನೂ ಬಿಡಲಿಲ್ಲ. ಆದರೆ ಪುಸ್ತಕದ ಮೇಲೆ ಅವರ ಹೆಸರು ಇರುತ್ತಿತ್ತು. ಪದಕ್ಕೆ ಇಪ್ಪತ್ತು ಪೈಸೆಯವರ ಬರಹದ ಕೆಳಗೆ ಹೆಸರೂ ಇರುವುದಿಲ್ಲ. ಹೆಸರು ಬೇಡ ದುಡ್ಡಾದರೂ ಬರಲಿ ಎಂದರೆ ಅದು ಕೆಲಸ. ದುಡ್ಡು ಬೇಡ ಹೆಸರಾದರೂ ಬರಲಿ ಎಂದರೆ ಹವ್ಯಾಸ ಎನ್ನೋಣ. ಎರಡೂ ಇಲ್ಲದ್ದಕ್ಕೆ ಹವ್ಯಾಸ ಎಂಬ ಚಂದದ ಹೆಸರು ಯಾಕೆ?

ಸರ್ಕಾರದ ಉದ್ಯೋಗಗಳ ವರ್ಗೀಕರಣದಲ್ಲಿ ಲೇಖಕರಿಗೆ 2641 ಎಂಬ ಒಂದು ನಂಬರೇ ಇದೆ. 2021ರ ಆಗಸ್ಟಿನಲ್ಲಿ ಸುರುವಾದ ಇ-ಶ್ರಮ್ ನೋಂದಣಿಯಲ್ಲಿ ಉದ್ಯೋಗ ಯಾವುದೆಂದು ಕೇಳುವ ಜಾಗವೂ ಇದೆ. 2027ರ ಫೆಬ್ರವರಿಗೆಂದು ನಿಗದಿಯಾದ ಜನಗಣತಿ ಇನ್ನೊಂದು ಸಂದರ್ಭ. 2011ರ ಗಣತಿಯಲ್ಲಿ ಕೆಲಸ ಎಂಬುದಕ್ಕೆ ಕೊಟ್ಟ ಅರ್ಥ ವಿಶಾಲವಾದದ್ದು. ಆರ್ಥಿಕವಾಗಿ ಉತ್ಪಾದಕವಾದ ಯಾವ ಚಟುವಟಿಕೆಯೂ ಕೆಲಸವೇ, ಪ್ರತಿಫಲ ಇರಲಿ ಇಲ್ಲದಿರಲಿ. ಆರು ತಿಂಗಳಿಗಿಂತ ಕಡಿಮೆ ದುಡಿದವರಿಗೂ ಅದರಲ್ಲಿ ಒಂದು ಕಾಲಂ ಇತ್ತು.

ಎಣಿಕೆಯವರು ಮನೆ ಬಾಗಿಲಿಗೆ ಬಂದಾಗ ಉತ್ತರ ಹೇಳುವವರು ಮನೆಯ ಯಜಮಾನರು. ಹೆಂಡತಿಯ ಹೆಸರಿನ ಮುಂದೆ "ಬೀಡಿ ಕಟ್ತಾಳೆ" ಎಂದು ಬರೆಸುತ್ತಾರೆ. ಒಳಗೆ ಮೊಬೈಲಿಗೆ ಚಾರ್ಜು ಹಾಕಿ ಗೋಡೆಗೆ ಒರಗಿ ನಾಳೆ ಬೆಳಗಿನ ಮೂರು ಲೇಖನ ಬರೆಯುತ್ತಿರುವ ಮಗಳ ಹೆಸರು ಬಂದಾಗ ಏನು ಹೇಳುತ್ತಾರೆ?

"ಅವಳಿಗೆ ಕೆಲಸ ಇಲ್ಲ. ಮನೆಯಲ್ಲೇ ಇದ್ದಾಳೆ."